ಇಳಿಸುವುದೂ ಉಳಿಸುವುದೂ



‘ಇಳಿಸು’ ಎಂಬ ಮಾತಿಗೂ ‘ಉಳಿಸು’ ಎಂಬ ಮಾತಿಗೂ ನಡುವೆ ಇರುವುದು ಒಂದೇ ಒಂದು ಸ್ವರದ ವ್ಯತ್ಯಾಸ. ಆದರೆ ವ್ಯವಹಾರದಲ್ಲಿ ಆ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಅಂತರಜಾಲದಿಂದ ಪುಸ್ತಕಗಳನ್ನು ತರಿಸಿಕೊಳ್ಳುವವರಿಗೆಲ್ಲ ಅನುಭವಕ್ಕೆ ಬಂದಿರುತ್ತದೆ. ಡೌನ್‌ಲೋಡ್ ಎಂಬುದನ್ನು ನಮ್ಮ ಹುಡುಗರು ‘ಇಳಿಸಿಕೊಳ್ಳುವುದು’ ಎಂದು ಸೊಗಸಾಗಿ ಕನ್ನಡಿಸಿದ್ದಾರೆ. ಹೀಗೆ ಇಳಿಸಿಕೊಳ್ಳುವ ಕಾರ್ಯವನ್ನು ಕ್ರಮಪಡಿಸುವುದಕ್ಕೆಂದೇ ಡೌನ್‌ಲೋಡ್ ಮ್ಯಾನೇಜರ್ ಎಂಬ ತಂತ್ರಾಂಶಗಳಿವೆ. ಅವು ಏನು ಮಾಡುತ್ತವೆ, ಏನನ್ನು ಮಾಡಲಾರವು, ಅವು ಬಿಟ್ಟ ಕೆಲಸವನ್ನು ನಾವು ಹೇಗೆ ಪೂರೈಸಬೇಕು ಎಂಬುದೇ ನನ್ನ ಈ ಹೊತ್ತಿನ ವಿಷಯ.

ಕನ್ನಡ ಎಂ.ಎ. ಓದಿ, ಜೀವಮಾನವಿಡೀ ಕನ್ನಡವನ್ನೇ ಪಾಠ ಹೇಳಿದವನಿಗೆ ಈ ವಿಷಯದ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ನಾನು ನಿವೃತ್ತನಾದ ಮೇಲೆ ನೆಲಸಿರುವುದು ಹಿರಿಯೂರಿನ ಸಮೀಪ, ಹೆದ್ದಾರಿಯ ಬದಿಯ ಆದಿವಾಲದಲ್ಲಿ. ಬೆಂಗಳೂರಿನ ದೊಡ್ಡ ಗ್ರಂಥಾಲಯಗಳಿಗೆ ಇಲ್ಲಿಂದ ಸುಮಾರು 150 ಕಿಲೋಮೀಟರು. ಮೈಸೂರು ಇನ್ನೂ ದೂರ. ಆದರೂ ಬಿ. ಎಲ್. ರೈಸರು 1903ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟ, ಅಂದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ಶಾಸನಗಳ ಸಂಪುಟ, ಇಂದು ನನ್ನ ಮೇಜಿನ ಮೇಲಿನ ಗಣಕಯಂತ್ರದಲ್ಲಿದೆ. 1894ರ ಕಿಟ್ಟೆಲ್ ನಿಘಂಟಿದೆ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳಿವೆ. ಹಿಂದೆ ಇಂಥ ಒಂದು ಗ್ರಂಥವನ್ನು ನೋಡಬೇಕಾದರೆ ರಜೆ ಹಾಕಿ, ಬಸ್ಸು ಹಿಡಿದು, ಗ್ರಂಥಪಾಲಕರ ಕೃಪೆಗೆ ಕಾಯಬೇಕಾಗಿತ್ತು. ಇಂದು ಬೇಕಾದದ್ದು ಒಂದು ತಂತಿ, ಒಂದಿಷ್ಟು ತಾಳ್ಮೆ ಮತ್ತು ಸ್ವಲ್ಪ ಶಿಸ್ತು.

ಈ ಶಿಸ್ತಿನ ಮಾತನ್ನು ಒತ್ತಿ ಹೇಳುವುದಕ್ಕೆ ಪ್ರೇರಣೆ ಕೊಟ್ಟವಳು ಒಬ್ಬ ವಿದ್ಯಾರ್ಥಿನಿ. ನಮ್ಮ ತಾಲ್ಲೂಕಿನವಳೇ, ಶಾಸನಗಳಲ್ಲಿ ಬರುವ ಕೆರೆಗಳ ವಿಷಯವಾಗಿ ಸಂಶೋಧನೆ ನಡೆಸುತ್ತಿದ್ದಾಳೆ. ಒಂದು ದಿನ ತನ್ನ ಕಂಪ್ಯೂಟರನ್ನು ಹೊತ್ತುಕೊಂಡು ಬಂದು, “ಸಾರ್, ನೂರಾರು ಪುಸ್ತಕ ಇಳಿಸಿಟ್ಟಿದ್ದೀನಿ. ಬೇಕಾದ್ದು ಒಂದೂ ಕೈಗೆ ಸಿಕ್ತಾ ಇಲ್ಲ” ಎಂದಳು. ತೆರೆದು ನೋಡಿದರೆ ಎಲ್ಲವೂ ‘ಡೌನ್‌ಲೋಡ್ಸ್’ ಎಂಬ ಒಂದೇ ಕೋಶದಲ್ಲಿ ರಾಶಿಬಿದ್ದಿವೆ. ಬಹುಪಾಲು ಕಡತಗಳಿಗೆ ಹೆಸರಿಲ್ಲ, ಬರಿಯ ಸಂಖ್ಯೆಗಳಿವೆ. ಒಂದೇ ಗ್ರಂಥದ ನಾಲ್ಕು ಪ್ರತಿಗಳಿವೆ. ಕೆಲವು ಅರ್ಧಕ್ಕೇ ನಿಂತುಹೋಗಿವೆ. ಪ್ರಬಂಧ ಒಪ್ಪಿಸುವ ಗಡುವು ಹತ್ತಿರವಾಗಿತ್ತು. ಅವಳಿಗೆ ಪುಸ್ತಕಗಳ ಅಭಾವವಿರಲಿಲ್ಲ. ಇದ್ದುದು ವ್ಯವಸ್ಥೆಯ ಅಭಾವ. ತಕ್ಕಮಟ್ಟಿಗೆ ಇದು ನಮ್ಮ ಕಾಲದ ಎಲ್ಲ ಓದುಗರ ಕಥೆಯೂ ಹೌದು.

ಮೊದಲು ಅರ್ಧಕ್ಕೆ ನಿಲ್ಲುವ ತೊಂದರೆಯನ್ನು ನೋಡೋಣ. ಬ್ರೌಸರು ಒಂದು ಕಡತವನ್ನು ಸಾಮಾನ್ಯವಾಗಿ ಮೊದಲಿನಿಂದ ಕೊನೆಯವರೆಗೆ ಒಂದೇ ಧಾರೆಯಾಗಿ ತರಿಸುತ್ತದೆ. ನಡುವೆ ವಿದ್ಯುತ್ತು ಹೋಯಿತು, ಸಂಪರ್ಕ ಕಡಿಯಿತು ಎನ್ನಿ. ಎಷ್ಟೋ ವೇಳೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಹಳ್ಳಿಗಾಡಿನಲ್ಲಿ ಇದು ದಿನನಿತ್ಯದ ಮಾತು. ಡೌನ್‌ಲೋಡ್ ಮ್ಯಾನೇಜರು ಇಲ್ಲಿ ಒಳ್ಳೆಯ ಗುಮಾಸ್ತನಂತೆ ನಡೆದುಕೊಳ್ಳುತ್ತದೆ. ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಹಾಕಿಕೊಂಡಿರುತ್ತದೆ. ಸಂಪರ್ಕ ಮರಳಿದೊಡನೆ, “ಇಷ್ಟು ಬೈಟುಗಳು ನನ್ನಲ್ಲಿವೆ, ಮುಂದಿನದನ್ನು ಮಾತ್ರ ಕಳಿಸು” ಎಂದು ಆಚೆಯ ಸರ್ವರನ್ನು ಕೇಳುತ್ತದೆ. ಹೀಗೆ ಭಾಗವನ್ನಷ್ಟೇ ಕೇಳುವ ಸೌಲಭ್ಯ 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ಎಂಬ ನಿಯಮಾವಳಿಯಲ್ಲಿಯೇ ಸೇರಿದೆ. ಸರ್ವರು ಒಪ್ಪಿದರೆ 206 ಎಂಬ ಸಂಕೇತದೊಡನೆ ಭಾಗವನ್ನು ಕೊಡುತ್ತದೆ. ಒಪ್ಪದಿದ್ದರೆ ಮೊದಲಿನಿಂದಲೇ ಕೊಡುತ್ತದೆ. ಆಗ ಯಾವ ತಂತ್ರಾಂಶವೂ ಏನೂ ಮಾಡಲಾರದು. ಕೆಲವು ತಾಣಗಳ ಕೊಂಡಿಗಳಿಗೆ ಆಯುಸ್ಸು ಕೆಲವೇ ಗಂಟೆಗಳು. ಅಂಥಲ್ಲಿ ಮತ್ತೆ ಪುಟಕ್ಕೆ ಹೋಗಿ ಹೊಸ ಕೊಂಡಿಯನ್ನು ಪಡೆದು, ಹಳೆಯ ಕೆಲಸಕ್ಕೆ ಅದನ್ನು ಜೋಡಿಸಬೇಕು.

ಇಂಥ ತಂತ್ರಾಂಶಗಳ ಎರಡನೆಯ ಗುಣ, ಒಂದು ಕಡತವನ್ನು ಹಲವು ತುಂಡುಗಳಾಗಿ ಏಕಕಾಲದಲ್ಲಿ ತರಿಸಿ, ಕೊನೆಗೆ ಜೋಡಿಸುವುದು. ನಮ್ಮ ಸೀಮೆಯವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿದೀತು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ ನಮ್ಮ ಜೀವನಾಡಿ. ಅದು 1933ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದುದು 2022ರಲ್ಲಿ. ಅಣೆಕಟ್ಟೆ ತುಂಬಿದ ಮಾತ್ರಕ್ಕೆ ಹೊಲಕ್ಕೆ ನೀರು ಬರುವುದಿಲ್ಲ. ನಾಲೆ ಎಷ್ಟು ಅಗಲವೋ ಅಷ್ಟೇ ನೀರು. ಸರ್ವರು ಪ್ರತಿಯೊಂದು ಸಂಪರ್ಕಕ್ಕೂ ಇಂತಿಷ್ಟೇ ಎಂದು ಮಿತಿ ಹಾಕಿದ್ದರೆ, ನಾಲ್ಕು ಸಂಪರ್ಕಗಳನ್ನು ತೆರೆದಾಗ ವೇಗ ಹೆಚ್ಚುವುದು ನಿಜ. ಆದರೆ ನಮ್ಮ ಮನೆಗೆ ಬರುವ ಕಾಲುವೆಯೇ ಕಿರಿದಾಗಿದ್ದರೆ ಎಷ್ಟು ತೂಬು ತೆರೆದರೂ ವ್ಯರ್ಥ. ಇನ್ನೊಂದು ನ್ಯಾಯದ ಮಾತೂ ಇದೆ. ದಾನದ ಹಣದಿಂದ ನಡೆಯುವ ಗ್ರಂಥಭಂಡಾರದ ಮೇಲೆ ಹದಿನಾರು, ಮೂವತ್ತೆರಡು ಸಂಪರ್ಕಗಳನ್ನು ಒಮ್ಮೆಗೇ ಹೂಡುವುದು, ಸರದಿ ಮೀರಿ ಅಕ್ಕಪಕ್ಕದವರ ಪಾಲಿನ ನೀರನ್ನು ತಿರುಗಿಸಿಕೊಂಡಂತೆ. ಎರಡೋ ಮೂರೋ ಸಾಕು.

ಮೂರನೆಯದು ಸರದಿ ಮತ್ತು ವೇಳಾಪಟ್ಟಿ. ಇದಕ್ಕೆ ಚಿಕ್ಕ ಲೆಕ್ಕವೊಂದು ತಿಳಿದಿರಬೇಕು. ಸಂಪರ್ಕದ ವೇಗವನ್ನು ಹೇಳುವುದು ಬಿಟ್‌ಗಳಲ್ಲಿ, ಕಡತದ ಗಾತ್ರವನ್ನು ಹೇಳುವುದು ಬೈಟ್‌ಗಳಲ್ಲಿ. 8 ಬಿಟ್‌ಗಳಿಗೆ ಒಂದು ಬೈಟು. ಆದ್ದರಿಂದ ಸೆಕೆಂಡಿಗೆ 2 ಮೆಗಾಬಿಟ್ ವೇಗವಿರುವಲ್ಲಿ 200 ಮೆಗಾಬೈಟಿನ ಗ್ರಂಥವೊಂದು ಬರಲು 800 ಸೆಕೆಂಡು, ಎಂದರೆ 13 ನಿಮಿಷ ದಾಟುತ್ತದೆ. ಇಂಥ ಇಪ್ಪತ್ತು ಗ್ರಂಥಗಳಿಗೆ ಸುಮಾರು ನಾಲ್ಕೂವರೆ ಗಂಟೆ. ಹಗಲಿನಲ್ಲಿ ಮಕ್ಕಳ ಪಾಠಕ್ಕೂ ಮನೆಯವರ ಕೆಲಸಕ್ಕೂ ಸಂಪರ್ಕ ಬೇಕು. ಆದ್ದರಿಂದ ಪಟ್ಟಿಯನ್ನು ಸಂಜೆ ಸಿದ್ಧಪಡಿಸಿ, ರಾತ್ರಿ ಹನ್ನೊಂದಕ್ಕೆ ಆರಂಭ, ಬೆಳಗಿನ ಐದಕ್ಕೆ ನಿಲುಗಡೆ ಎಂದು ತಂತ್ರಾಂಶಕ್ಕೆ ಅಪ್ಪಣೆ ಕೊಟ್ಟು ಮಲಗಬಹುದು. ಏಕಕಾಲಕ್ಕೆ ಎರಡೇ ಕಡತಗಳೆಂದು ಮಿತಿ ಹಾಕಿದರೆ, ಇಪ್ಪತ್ತು ಅರೆಬರೆ ಕಡತಗಳ ಬದಲು ಬೆಳಗಾಗುವ ವೇಳೆಗೆ ಕೆಲವಾದರೂ ಪೂರ್ಣಗ್ರಂಥಗಳು ಕೈಸೇರುತ್ತವೆ.

ಇಲ್ಲಿಯವರೆಗಿನದು ಯಂತ್ರದ ಕೆಲಸ. ಇನ್ನು ಮುಂದಿನದು ಓದುಗನ ಕೆಲಸ. ಅದರಲ್ಲಿ ಮುಖ್ಯವಾದದ್ದು ನಾಮಕರಣ. ಭಾರತದ ಡಿಜಿಟಲ್ ಲೈಬ್ರರಿಯಿಂದ ಇಂಟರ್ನೆಟ್ ಆರ್ಕೈವ್ ಎಂಬ ತಾಣಕ್ಕೆ ಬಂದ ಗ್ರಂಥಗಳಿಗೆ ‘ಡಿಎಲ್‌ಐ 2015’ ಎಂಬ ಗುರುತಿನ ಮುಂದೆ ಒಂದು ಸಂಖ್ಯೆ ಇರುತ್ತದೆ. ಅದು ಭಂಡಾರದವರಿಗೆ ಬೇಕಾದ ಗುರುತು. ನಮಗೆ ಅದರಿಂದ ಕವಿಯೂ ತಿಳಿಯದು, ಕಾವ್ಯವೂ ತಿಳಿಯದು. ಜಿಲ್ಲೆಯ ಹೆಸರನ್ನೇ ತೆಗೆದುಕೊಳ್ಳಿ. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಅದು ಒಮ್ಮೆ ಚಿತಲ್‌ದ್ರೂಗ್, ಇನ್ನೊಮ್ಮೆ ಚಿತಲ್‌ದುರ್ಗ್. ಚಿತ್ರದುರ್ಗ ಎಂದು ಹುಡುಕಿದವನಿಗೆ ಚಿತ್ರದುರ್ಗವೇ ಸಿಕ್ಕುವುದಿಲ್ಲ! ಆದುದರಿಂದ ಕಡತ ಬಂದೊಡನೆ ಮೊದಲ ಪುಟವನ್ನು ತೆರೆದು, ಕರ್ತೃ, ಕೃತಿ, ಸಂಪುಟ, ವರ್ಷ ಎಂಬ ಒಂದೇ ಕ್ರಮದಲ್ಲಿ ಹೆಸರಿಡಬೇಕು. ‘ನರಸಿಂಹಾಚಾರ್ಯ, ಕರ್ನಾಟಕ ಕವಿಚರಿತೆ, 02, 1919’ ಎಂದರೆ ಸಾಕು. ಮೊದಲನೆಯದು 1907ರದು, ಮೂರನೆಯದು 1929ರದು ಎಂಬುದೂ ಅದರಿಂದಲೇ ತಿಳಿದು, ಮೂರೂ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತವೆ. ಸಂಪುಟದ ಅಂಕಿಗೆ ಮುಂದೆ ಸೊನ್ನೆ ಹಾಕುವುದನ್ನು ಮರೆಯಬಾರದು. ಇಲ್ಲದಿದ್ದರೆ ಎಷ್ಟೋ ಯಂತ್ರಗಳು ಒಂದರ ಪಕ್ಕದಲ್ಲಿ ಹತ್ತನ್ನೂ ಹನ್ನೊಂದನ್ನೂ ತಂದು ನಿಲ್ಲಿಸಿ, ಎರಡನ್ನು ಆಮೇಲೆ ಕರೆಯುತ್ತವೆ.

ತಂತ್ರಾಂಶಕ್ಕೆ ಮೊದಲೇ ಸೂಚನೆ ಕೊಟ್ಟರೆ ಅದು ಪುಸ್ತಕಗಳನ್ನು ಒಂದು ಕೋಶಕ್ಕೂ ಧ್ವನಿಗಳನ್ನು ಇನ್ನೊಂದಕ್ಕೂ ತಾನೇ ಕಳಿಸುತ್ತದೆ. ಆದರೆ ನಿಘಂಟು ಯಾವುದು, ಶಾಸನ ಯಾವುದು, ಕಾವ್ಯ ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ಆ ವಿಂಗಡಣೆ ನಮ್ಮದು. ಹಾಗೆಂದು ಕೋಶದೊಳಗೆ ಕೋಶ, ಅದರೊಳಗೆ ಇನ್ನೊಂದು ಎಂದು ಚಕ್ರವ್ಯೂಹ ರಚಿಸುವುದೂ ಬೇಡ. ಹೊರಬರುವ ದಾರಿ ನಮಗೇ ಮರೆತೀತು. ಹೊಸತಾಗಿ ಬಂದವು, ಪರೀಕ್ಷೆಯಾದವು, ವಿಷಯವಾರು ಇಟ್ಟವು ಎಂಬ ಮೂರು ಹಂತಗಳಿದ್ದರೆ ಸಾಕು. ಜೊತೆಗೊಂದು ದಫ್ತರ: ಯಾವ ತಾಣದಿಂದ, ಯಾವ ದಿನ, ಮೂಲದ ಸಂಖ್ಯೆ ಏನು ಎಂಬ ವಿವರ. ಅಡಿಟಿಪ್ಪಣಿ ಬರೆಯುವ ದಿನ ಅದರ ಬೆಲೆ ತಿಳಿಯುತ್ತದೆ.

ಪರೀಕ್ಷೆಯೆಂದೆನಲ್ಲವೇ? ಕಡತ ಪೂರ್ತಿಯಾಗಿ ಬಂದಿದೆಯೇ ಎಂದು ನೋಡುವುದು ಹೇಗೆ? ಪಿಡಿಎಫ್ ಕಡತದಲ್ಲಿ ಒಳಗಿನ ವಸ್ತುಗಳ ಅನುಕ್ರಮಣಿಕೆ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಬಾಲ ಕತ್ತರಿಸಿದ ಕಡತ ತೆರೆಯದಿರುವುದು ಅದರಿಂದಲೇ. ಕೆಲವೊಮ್ಮೆ ತೆರೆದುಕೊಂಡರೂ ನಡುವೆ ಕೆಟ್ಟಿರಬಹುದು. ಇದಕ್ಕೆ ಮೊಹರುಗಳಿವೆ. ಎಂಡಿ5 ಎಂಬ ವಿಧಾನ ಇಡೀ ಕಡತವನ್ನು ಓದಿ 32 ಅಕ್ಷರಾಂಕಗಳ ಒಂದು ಸಾಲನ್ನು ಕೊಡುತ್ತದೆ. ಕಡತದಲ್ಲಿ ಒಂದು ಬಿಟ್ ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಇಂಟರ್ನೆಟ್ ಆರ್ಕೈವಿನವರು ಪ್ರತಿ ಗ್ರಂಥದ ಕಡತಗಳಿಗೂ ಈ ಮೊಹರನ್ನು ಪ್ರಕಟಿಸುತ್ತಾರೆ. ಹಲವು ಮ್ಯಾನೇಜರುಗಳು ಎರಡನ್ನೂ ತಾಳೆ ನೋಡಬಲ್ಲವು. ವಿಂಡೋಸಿನಲ್ಲಿರುವ ಸರ್ಟ್‌ಯುಟಿಲ್ ಎಂಬ ಸಾಧನವೂ ನಮ್ಮ ಪ್ರತಿಯ ಮೊಹರನ್ನು ತೆಗೆದುಕೊಡುತ್ತದೆ. ನಮ್ಮ ಪ್ರಾಚೀನ ಲಿಪಿಕಾರರಿಗೆ ಈ ಚಿಂತೆ ಹೊಸದಾಗಿರಲಿಲ್ಲ. ಗ್ರಂಥದ ಅಳತೆಯನ್ನು 32 ಅಕ್ಷರಗಳ ಶ್ಲೋಕಪ್ರಮಾಣದಲ್ಲಿ ಎಣಿಸಿ, ಹಸ್ತಪ್ರತಿಯ ಕೊನೆಯಲ್ಲಿ ಇಷ್ಟು ಗ್ರಂಥವೆಂದು ಬರೆದಿಡುವ ಪದ್ಧತಿ ಇತ್ತು. ಅಲ್ಲಿಯೂ ಮೂವತ್ತೆರಡು, ಇಲ್ಲಿಯೂ ಮೂವತ್ತೆರಡು. ಇದು ಕೇವಲ ಆಕಸ್ಮಿಕವೇ ಇರಬಹುದು. ಆದರೆ ಪ್ರತಿ ಮಾಡುವವನಿಗೆ ಪೂರ್ಣತೆಯ ಹೊಣೆಯೂ ಇದೆಯೆಂಬ ಭಾವನೆ ಆಕಸ್ಮಿಕವಲ್ಲ.

ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳುವವರುಂಟು. 1996ರಿಂದಲೂ ಬಳಕೆಯಲ್ಲಿರುವ ಡಬ್ಲ್ಯೂಗೆಟ್, ಬಿಡಿ ಆಜ್ಞೆಗಳಿಂದ ನಡೆಯುವ ಸರಳ ಸಾಧನ; ಏರಿಯಾ2 ಕೂಡ ಅದೇ ಜಾತಿಯದು. ಕಿಟಕಿ, ಗುಂಡಿಗಳು ಬೇಕೆನ್ನುವವರಿಗೆ ಫ್ರೀ ಡೌನ್‌ಲೋಡ್ ಮ್ಯಾನೇಜರ್ ಇದೆ. ಇಂಟರ್ನೆಟ್ ಡೌನ್‌ಲೋಡ್ ಮ್ಯಾನೇಜರ್ ಹಣ ಕೊಟ್ಟು ಕೊಳ್ಳಬೇಕಾದದ್ದು. ಅದರ ಬೀಗ ಮುರಿದ ಪ್ರತಿಗಳನ್ನು ಹುಡುಕಿಕೊಂಡು ಹೋಗುವುದು ಕಳ್ಳನ ಕೈಗೆ ಕೀಲಿಕೈ ಕೊಟ್ಟಂತೆ. ಯಾವುದನ್ನಾದರೂ ಅದರ ಮೂಲತಾಣದಿಂದಲೇ ಪಡೆಯಬೇಕು.

ಪುಸ್ತಕಗಳ ವಿಷಯದಲ್ಲಿಯೂ ಈ ಮರ್ಯಾದೆ ಇರಬೇಕು. ನಮ್ಮ ಕಾಯಿದೆಯ ಪ್ರಕಾರ ಲೇಖಕನ ಮರಣಾನಂತರ 60 ವರ್ಷ ಅವನ ಕೃತಿಗಳಿಗೆ ಹಕ್ಕುಸ್ವಾಮ್ಯವಿರುತ್ತದೆ. ತಳುಕಿನ ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅವರ ಬರೆಹಗಳು ಎಂದೋ ಎಲ್ಲರ ಸ್ವತ್ತಾಗಿವೆ. ಅದೇ ಮನೆತನದ ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಅವರ ‘ದುರ್ಗಾಸ್ತಮಾನ’ದ ಹಕ್ಕು 2044ರ ಕೊನೆಯವರೆಗೂ ಇದೆ. ಆ ಕಾದಂಬರಿಯ ಮೇಲೆ ದುರ್ಗದವರಾದ ನಮಗೆ ಎಷ್ಟೇ ಅಭಿಮಾನವಿರಲಿ, ಅದನ್ನು ಅಂಗಡಿಯಲ್ಲಿ ಕೊಂಡೇ ಓದುವುದು ಆ ಅಭಿಮಾನಕ್ಕೆ ಶೋಭೆ.

ಕೊನೆಯದಾಗಿ, ಅಂತರಜಾಲದಲ್ಲಿ ಎಲ್ಲವೂ ಸದಾ ಇರುವಾಗ ಇಳಿಸಿಡುವ ಶ್ರಮವೇಕೆ ಎಂಬ ಪ್ರಶ್ನೆ. ‘ಸದಾ’ ಎಂಬುದು ಭ್ರಮೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತರ ಕೇಂದ್ರಗಳೂ ಸೇರಿ ಕಟ್ಟಿದ ಡಿಜಿಟಲ್ ಲೈಬ್ರರಿಯ ತಾಣ ಸುಮಾರು 2017ರಲ್ಲಿ ಮುಚ್ಚಿಹೋಯಿತು. ಅಲ್ಲಿಯ ಗ್ರಂಥಗಳು ಇಂದು ನಮಗೆ ಸಿಕ್ಕುತ್ತಿದ್ದರೆ, ಅವುಗಳ ಪ್ರತಿಗಳು ಬೇರೊಂದು ಭಂಡಾರವನ್ನು ಸೇರಿದ್ದುದೇ ಅದಕ್ಕೆ ಕಾರಣ. ಆ ಬೇರೊಂದು ಭಂಡಾರವಾದ ಇಂಟರ್ನೆಟ್ ಆರ್ಕೈವ್ ಕೂಡ 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಹಲವು ದಿನ ಬಾಗಿಲು ಮುಚ್ಚಬೇಕಾಯಿತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರತೀತಿ. ಒಂದೇ ಪ್ರತಿಯನ್ನು ಎಷ್ಟು ಭದ್ರವಾಗಿಟ್ಟರೂ ಅದಕ್ಕೆ ಬೆಂಕಿ, ಹುಳು, ನೀರುಗಳ ಭಯ ತಪ್ಪದು. ಸಾವಿರ ಮನೆಗಳಲ್ಲಿದ್ದರೆ ಗ್ರಂಥಕ್ಕೆ ಅಳಿವಿಲ್ಲ. ಆ ಮಹಾತಾಯಿಗೆ ತಿಳಿದಿದ್ದ ಈ ಸತ್ಯ ಇಂದಿಗೂ ಹಳತಾಗಿಲ್ಲ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಬೇರೆ ಮನೆಯಲ್ಲಿ ಇನ್ನೊಂದು ಎಂದು ಮೂರು ಪ್ರತಿಗಳಿರಲಿ.

ಆ ವಿದ್ಯಾರ್ಥಿನಿಯೂ ನಾನೂ ಕುಳಿತು ನಾಲ್ಕು ಸಂಜೆಗಳಲ್ಲಿ ಅವಳ ರಾಶಿಯನ್ನು ವಿಂಗಡಿಸಿದೆವು. ಉಳಿದದ್ದು ಅರ್ಧದಷ್ಟು. ಅವಳಿಗೆ ಬೇಕಾಗಿದ್ದ ಶಾಸನ ಸಂಪುಟ ಆ ರಾಶಿಯಲ್ಲಿಯೇ ಇತ್ತು. ಆದರೆ ಅರ್ಧಕ್ಕೆ ನಿಂತಿತ್ತು. ಅಂದು ರಾತ್ರಿ ನಿಂತಲ್ಲಿಂದ ಮುಂದುವರಿಸಲು ಹಚ್ಚಿದೆವು, ಬೆಳಗಾಗುವಷ್ಟರಲ್ಲಿ ಪೂರ್ತಿಯಾಗಿತ್ತು. ಮೊಹರು ತಾಳೆಯಾಯಿತು. ಅದರ ಒಂದು ಪ್ರತಿಯನ್ನು ತನ್ನೂರಿನ ಪ್ರೌಢಶಾಲೆಗೂ ಕೊಡುತ್ತೇನೆಂದು ಅವಳು ಹೇಳಿದಳು. ಇಳಿಸಿದ್ದು ಉಳಿಯುವ ಬಗೆ ಅದೇ.