ನೆಲಹಿಪ್ಪಲಿ

ಹೂದೋಟವೆಂದೊಡನೆ ನಮಗೆ ನೆನಪಾಗುವುದು ಗುಲಾಬಿ, ಮಲ್ಲಿಗೆ, ಇಲ್ಲವೆ ಆಂಗ್ಲರಿಂದ ಕಲಿತ ಹುಲ್ಲುಹಾಸು. ಕಾಲಡಿಯ ಹೂವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಥದೊಂದು ನೆಲಹಿಪ್ಪಲಿ.

ಹಿಪ್ಪರಗಿಯ ಕೃಷ್ಣಾತೀರದಂಥ ತೇವದ ನೆಲ ಇದಕ್ಕೆ ಬಲು ಹಿತ. ಕಾಂಡವು ನೆಲಕ್ಕೊರಗಿ ಹರಿದು, ಮಣ್ಣು ತಗುಲಿದ ಗೆಣ್ಣುಗೆಣ್ಣಿನಲ್ಲಿಯೂ ಬೇರು ಬಿಡುತ್ತದೆ. ನೀಳವಾದ ತೊಟ್ಟಿನ ತುದಿಯಲ್ಲಿ ಹಿಪ್ಪಲಿಯನ್ನು ಹೋಲುವ ಪುಟ್ಟ ತೆನೆ. ಅದರ ಸುತ್ತ ಬಳೆಯಂತೆ ಬಿಳಿಯ, ನಸುಗೆಂಪಿನ ಹೂಗಳು. ಆದರೆ ನಿಜವಾದ ಹಿಪ್ಪಲಿಗೂ ಇದಕ್ಕೂ ನಂಟಿಲ್ಲ. 1753ರಲ್ಲಿ ಲಿನೇಯಸ್ ಪಂಡಿತನು ಗೆಣ್ಣಿನ ಹೂವೆಂಬ ಅರ್ಥದ ಲ್ಯಾಟಿನ್ ಹೆಸರನ್ನು ಇದಕ್ಕಿತ್ತನು.

ತೋಟಕ್ಕೆ ಇದರಿಂದ ಪ್ರಯೋಜನವೇನು? ಗೆಣ್ಣುಳ್ಳ ತುಂಡುಗಳನ್ನು ಮಳೆಗಾಲದ ಮೊದಲಿಗೆ ಗೇಣಿಗೊಂದರಂತೆ ನೆಟ್ಟರೆ ಸಾಕು, ನೆಲವನ್ನು ಮುಚ್ಚುತ್ತದೆ. ಬೇರೂರಿದ ಮೇಲೆ ಹುಲ್ಲುಹಾಸಿಗಿಂತ ಕಡಮೆ ನೀರು, ಕಡಮೆ ಕತ್ತರಿ. ಹೂವಿಗೆ ಜೇನುನೊಣಗಳು ಮುತ್ತುವುದರಿಂದ, ಮಕ್ಕಳು ಬರಿಗಾಲಿನಲ್ಲಿ ಆಡುವೆಡೆ ಮಾತ್ರ ಇದು ಸಲ್ಲದು.

ಇನ್ನೊಂದು ಎಚ್ಚರಿಕೆಯೂ ಉಂಟು. ಇದರ ಸೋದರ ಜಾತಿಯೊಂದನ್ನು ದಕ್ಷಿಣ ಅಮೆರಿಕದಿಂದ ಆಸ್ಟ್ರೇಲಿಯಕ್ಕೆ ತೋಟದ ಅಂದಕ್ಕೆಂದು ಒಯ್ದರು. ಮರ್ರೆ-ಡಾರ್ಲಿಂಗ್ ನದಿಗಳ ನೆರೆಯು ಅದರ ತುಂಡುಗಳನ್ನು ಹೊತ್ತು ಬಯಲಿನಲ್ಲೆಲ್ಲ ಹರಡಿತು. ದನಗಳು ಮೇಯುವ ಹುಲ್ಲು ಅದರಡಿ ಅಡಗಿತು. 2019ರ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರವನ್ನು ಕಂಡ ನಾಡು ನಮ್ಮದು. ಹೊಳೆ ಏನನ್ನು ಎಲ್ಲಿಗೆ ಒಯ್ಯಬಲ್ಲುದೆಂಬುದು ನಮಗೆ ಹೊಸತಲ್ಲ. ಆದುದರಿಂದ ಪರದೇಶದ ಬಳ್ಳಿಯನ್ನು ಕೊಳ್ಳುವ ಮುನ್ನ ನಮ್ಮ ದಡದ ಬಳ್ಳಿಯನ್ನು ಒಮ್ಮೆ ಬಗ್ಗಿ ನೋಡೋಣ; ಯಾವುದನ್ನೇ ಬೆಳೆಸಲಿ, ಕತ್ತರಿಸಿದ ತುಂಡುಗಳನ್ನು ಹೊಳೆಗೆ ಚೆಲ್ಲದಿರೋಣ.