ಮೊದಲು ಕಾಪಿ, ಆಮೇಲೆ ರಿಪೇರಿ
ಮಂಗಳೂರಿನ ಮಣ್ಣಗುಡ್ಡದಲ್ಲಿ ಒಂದು ಮನೆ ಅಂದ್ಕೊಳ್ಳಿ. ತೀರಿಹೋದ ಅಪ್ಪನ ಫೋಟೋಗಳಿರೋದು ಹಳೇ ಕಂಪ್ಯೂಟರಿನಲ್ಲಿ ಮಾತ್ರ. ತೆರೆಯೋಕೆ ಹೋದರೆ ಹಾರ್ಡ್ ಡಿಸ್ಕ್ ‘ರೀಡ್ ಎರರ್’ ಅನ್ನುತ್ತೆ. ಕೈ ಮೊದಲು ಹೋಗೋದು ‘ಚೆಕ್‌ಡಿಸ್ಕ್’ ರಿಪೇರಿಗೆ. ಅಲ್ಲೇ ನಾವು ಎಡವೋದು. ಆ ರಿಪೇರಿ, ಸಾಯ್ತಿರೋ ಡಿಸ್ಕಿನ ಮೇಲೇ ಮತ್ತೆ ಬರೆಯುತ್ತೆ.

ಒಳಗೆ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತೆ. ಅದನ್ನು ಓದುವ ಹೆಡ್ ಇರೋದು ಕೂದಲೆಳೆಯ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ. ಕಟಕಟ ಸದ್ದು ಬಂದರೆ ತಕ್ಷಣ ಆಫ್ ಮಾಡಿ, ಡೇಟಾ ರಿಕವರಿಯವರ ಹತ್ರ ಹೋಗಿ. ಸದ್ದಿಲ್ಲದಿದ್ದರೆ ಕೇಬಲ್ ಬದಲಿಸಿ ನೋಡಿ. ಆಗಲೂ ಎರರ್ ಬಂದರೆ ‘ಡಿಡಿರೆಸ್ಕ್ಯೂ’ ತಂತ್ರಾಂಶದಿಂದ ಬೇರೆ ಡಿಸ್ಕಿಗೆ ಕಾಪಿ ತೆಗೆಯಿರಿ. ಅದು ಚೆನ್ನಾಗಿರೋ ಭಾಗವನ್ನು ಮೊದಲು ಎತ್ತಿಕೊಳ್ಳುತ್ತೆ, ಕೆಟ್ಟದ್ದನ್ನು ಕೊನೆಗೆ ಮುಟ್ಟುತ್ತೆ. ರಿಪೇರಿ ಏನಿದ್ದರೂ ಆ ಕಾಪಿಯ ಮೇಲೆ.

ನಿಮ್ಮ ಮನೇಲಿ ಎರರ್ ಇನ್ನೂ ಬಂದಿಲ್ವಾ? ಹಾಗಾದರೆ ಎರಡನೇ ಕಾಪಿ ಇವತ್ತೇ ಮಾಡಿಡಿ.