ಹಾಕಿ ಸ್ಟಿಕ್ಕಿನ ಬಣ್ಣ ತೆಗೆಯಲು ಹೋಗಿ

(ಟೋರ್ಸ್‌ಲಾಂಡದಲ್ಲಿ ನಡೆದ ನಮ್ಮ ವೇದಿಕೆಯ ಸೇರುವಿಕೆಯಲ್ಲಿ ಆಡಿದ ಮಾತು)

ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಐಟಿಐನಲ್ಲಿ ವೈರಿಂಗ್ ಕಲಿಸಿದರು, ಮೈಕ್ ಹಿಡಿಯೋದು ಕಲಿಸಲಿಲ್ಲ. ಅವರವರ ಕೈಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದಾಗ ಅರ್ಥಿಂಗ್ ಬಗ್ಗೆ ಹೇಳೋಣ ಅಂದುಕೊಂಡಿದ್ದೆ. ಆಮೇಲೆ ನಮ್ಮಲ್ಲಿ ಎಷ್ಟು ಜನರ ಮಕ್ಕಳು ಐಸ್ ಹಾಕಿಗೆ ಹೋಗ್ತಾರೆ ಅಂತ ಲೆಕ್ಕ ಹಾಕಿದೆ. ಅವರಲ್ಲಿ ಹೆಚ್ಚಿನವರ ಸ್ಟಿಕ್ಕು ನಮ್ಮ ಹಾಗೇ ಸೆಕೆಂಡ್‌ಹ್ಯಾಂಡ್. ಹಾಗಾಗಿ ನಾನು ಒಂದು ಸ್ಟಿಕ್ಕನ್ನು ಹೇಗೆ ಹಾಳು ಮಾಡಿದೆ, ಇನ್ನೊಂದನ್ನು ಹೇಗೆ ಉಳಿಸಿಕೊಂಡೆ ಅಂತ ಹೇಳ್ತೇನೆ.

ಹೋದ ಚಳಿಗಾಲ ಮಗನಿಗೆ ಒಂಬತ್ತು ತುಂಬಿತು. ಲೊಪ್ಪಿಸ್‌ನಲ್ಲಿ ಒಂದು ಕಾಂಪೊಸಿಟ್ ಸ್ಟಿಕ್ ಸಿಕ್ಕಿತು. ಅಳತೆ ಸರಿ, ಬ್ಲೇಡು ಚೆನ್ನಾಗಿದೆ, ಬೆಲೆ ಹೊಸದರ ಕಾಲುಭಾಗವೂ ಇಲ್ಲ. ಒಂದೇ ತೊಂದರೆ, ಮೇಲುಗಡೆ ಬೇರೆ ಹುಡುಗನ ಹೆಸರು ಮತ್ತು ನಂಬರು ಕೆಂಪಕ್ಷರದಲ್ಲಿ. ಅದು ಸ್ಟಿಕ್ಕರ್ ಅಲ್ಲ, ಕ್ಲಿಯರ್ ಕೋಟಿನ ಕೆಳಗೆ ಅಚ್ಚಾಗಿ ಕೂತಿತ್ತು. ಆ ಹುಡುಗ ಯಾರು ಅಂತ ತಂಡದ ಅರ್ಧ ಮಕ್ಕಳಿಗೆ ಗೊತ್ತು. ನಮ್ಮವನು ಕಪ್ಪು ಟೇಪು ಸುತ್ತಿಕೊಂಡು ಹೋಗ್ತಿದ್ದ. ಐಸಿನ ನೀರಿಗೆ ಅದು ಬಿಚ್ಚಿಕೊಳ್ಳೋದು. ಒಂದು ಸಂಜೆ ಬ್ಯಾಗು ಇಳಿಸಿ, ‘ಅಪ್ಪಾ, ಇದನ್ನ ಅಳಿಸೋಕೆ ಆಗುತ್ತಾ?’ ಅಂದ. ಯಾರು ಏನಂದರು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಳಿಸೋದು ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ನಾನು ಸೋಮವಾರಪೇಟೆ ಕಡೆಯವನು. ಕೊಡಗಿನಲ್ಲಿ ಹಾಕಿ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ನೂರಾರು ಮನೆತನಗಳ ಹಬ್ಬ. ನಾವು ಆ ಮನೆತನಗಳವರಲ್ಲ, ಬೇಲಿ ಹೊರಗೆ ನಿಂತು ನೋಡಿದವರು. ಆದರೂ ಸ್ಟಿಕ್ಕು ಎಲ್ಲರ ಮನೆಯಲ್ಲೂ ಇರ್ತಿತ್ತು. ಜಲಂಧರ್, ಮೀರತ್ ಕಡೆಯಿಂದ ಬರುವ ಹಿಪ್ಪುನೇರಳೆ ಮರದ ಸ್ಟಿಕ್ಕು. ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಗೆ. ಕೈ ಬದಲಾದಾಗ ಹಳೇ ಬಣ್ಣ ಕೆರೆಯಲೇಬೇಕು. ಒಡೆದ ಬಾಟಲಿ ಗಾಜಿನ ಅಂಚಿನಲ್ಲಿ ಉದ್ದಕ್ಕೆ ಎಳೆದರೆ ಬಣ್ಣ ಸುರುಳಿ ಸುರುಳಿಯಾಗಿ ಏಳುತ್ತೆ. ಆಮೇಲೆ ಮರಳುಕಾಗದ, ಅಗಸೆ ಎಣ್ಣೆ, ಎರಡು ದಿನ ಬಿಸಿಲು. ಹೊಸದಕ್ಕಿಂತ ಚೆಂದ ಆಗ್ತಿತ್ತು. (ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲಾ ನೀರಲ್ಲಿ ನೆನೆಸಿಡಿ.)

ಆ ಬುದ್ಧಿಯಲ್ಲೇ ಇಲ್ಲೂ ಕೈ ಹಾಕಿದೆ. ಗೆಳೆಯನೊಬ್ಬನ ಹೀಟ್ ಗನ್ ತಂದು, ಬಾಲ್ಕನಿಯಲ್ಲಿ ಕೂತು ಬಿಸಿಗಾಳಿ ಬಿಟ್ಟೆ. ಬಣ್ಣ ಗುಳ್ಳೆ ಎದ್ದು, ಕಾವಲಿ ಮೇಲಿನ ದೋಸೆ ಅಂಚಿನ ಹಾಗೆ ಬಿಟ್ಟುಕೊಂಡು ಬಂತು. ಅರ್ಧ ಗಂಟೆಯಲ್ಲಿ ಹೆಸರೂ ಇಲ್ಲ, ನಂಬರೂ ಇಲ್ಲ. ಕಪ್ಪಗೆ ಮಿಂಚುವ ಸ್ಟಿಕ್ಕು. ಹೆಂಡತಿಗೆ ತೋರಿಸಿ ಹೊಗಳಿಸಿಕೊಂಡೆ ಕೂಡ.

ಭಾನುವಾರ ತರಬೇತಿಯಲ್ಲಿ ಮೂರನೇ ಹೊಡೆತಕ್ಕೆ ಅದು ನಡುವೆ ಲಟಕ್ಕಂತ ಮುರೀತು, ಸರಿಯಾಗಿ ನಾನು ಬಿಸಿ ಕೊಟ್ಟ ಜಾಗದಲ್ಲೇ. ಪಂದ್ಯದಲ್ಲಿ ಸ್ಟಿಕ್ ಮುರಿದರೆ ಆಟಗಾರ ತಕ್ಷಣ ಕೈಬಿಡಬೇಕು, ಹಿಡಿದುಕೊಂಡು ಆಡಿದರೆ ಎರಡು ನಿಮಿಷ ಹೊರಗೆ. ನಮ್ಮ ಹುಡುಗ ಕೈಬಿಟ್ಟ, ಸರಿ. ಆದರೆ ಆಮೇಲೆ ಗ್ಲೌಸ್ ಬಿಚ್ಚಿ ಬರಿಗೈಯಲ್ಲಿ ತುಂಡು ಎತ್ತಿಕೊಂಡ. ಹೆಬ್ಬೆರಳ ಬುಡಕ್ಕೆ ಕಾರ್ಬನ್ ಸಿಬಿರು ಹೊಕ್ಕಿತು. ಮರದ ಸಿಬಿರು ಚಿಮಟಕ್ಕೆ ಬರುತ್ತೆ. ಇದು ಎಳೆದರೆ ಅಲ್ಲೇ ಮುರೀತದೆ. ರಾತ್ರಿ ನಾನು ಕನ್ನಡಕ ಹಾಕಿಕೊಂಡು ಹುಡುಕಿ ಹುಡುಕಿ ಇನ್ನಷ್ಟು ಒಳಗೆ ತಳ್ಳಿದೆ. ಮಾರನೇ ದಿನ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ತೆಗೆದರು. ಹುಡುಗ ಅಳಲಿಲ್ಲ. ‘ನೀನೇ ಅಲ್ವಾ ಸರಿ ಮಾಡಿದ್ದು’ ಅಂತ ಒಂದೇ ಮಾತು ಅಂದ. ಅದು ಬೈಗುಳವೋ ಸಮಾಧಾನವೋ ಇವತ್ತಿಗೂ ಗೊತ್ತಿಲ್ಲ.

ತಪ್ಪು ಎಲ್ಲಾಯ್ತು ಅಂದರೆ, ಮರ ಒಳಗಿನವರೆಗೂ ಮರವೇ. ಮೇಲಿನ ಚರ್ಮ ಕೆರೆದರೂ ಒಳಗೆ ಮಾಂಸ ಇದೆ. ಐಸ್ ಹಾಕಿಯ ಕಾಂಪೊಸಿಟ್ ಕಾಂಡ ಒಳಗೆ ಪೊಳ್ಳು. ಗೋಡೆಯ ದಪ್ಪ ಸುಮಾರು ಒಂದೆರಡು ಮಿಲಿಮೀಟರ್ ಅಷ್ಟೇ. ಕಾರ್ಬನ್ ನಾರಿನ ಹಾಳೆಗಳನ್ನು ಬೇರೆ ಬೇರೆ ಕೋನದಲ್ಲಿ ಪದರ ಪದರವಾಗಿ ಸುತ್ತಿ, ಎಪಾಕ್ಸಿ ರಾಳದಲ್ಲಿ ಬೇಯಿಸಿ ಗಟ್ಟಿ ಮಾಡಿರ್ತಾರೆ. ಅದರಲ್ಲಿ ಚರ್ಮವೇ ಮೂಳೆ. ನಾರು ಎಳೆತ ತಡೆಯುತ್ತೆ, ಆದರೆ ನಾರನ್ನು ನಾರಿಗೆ ಹಿಡಿದಿಡೋದು ರಾಳ. ಇಂಥ ರಾಳ ಸಾಮಾನ್ಯವಾಗಿ 100ರಿಂದ 150 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗೋಕೆ ಶುರುವಾಗುತ್ತೆ. ಹೀಟ್ ಗನ್ನಿನ ಬಾಯಲ್ಲಿ 500 ಡಿಗ್ರಿ ಮೀರುತ್ತೆ. ಬಣ್ಣ ಗುಳ್ಳೆ ಎದ್ದಾಗ ಒಳಗಿನ ಪದರಗಳೂ ಬಿಟ್ಟುಕೊಂಡಿದ್ದವು. ಹೊರಗೆ ಕಾಣಲಿಲ್ಲ.

ಹಾಗಾದರೆ ಪೇಂಟ್ ರಿಮೂವರ್ ಹಾಕಬಹುದಲ್ಲ ಅಂತ ಆವತ್ತೇ ಒಬ್ಬರು ಕೇಳಿದರು. ಬೇಡ. ಬಣ್ಣ ಕರಗಿಸುವ ರಾಸಾಯನಿಕಕ್ಕೆ ಬಣ್ಣ ಯಾವುದು, ರಾಳ ಯಾವುದು ಅಂತ ಭೇದ ಇಲ್ಲ. ಕಾರ್ಬನ್ ಭಾಗದ ಮೇಲೆ ಅದನ್ನು ಬಳಿದು ಬಿಟ್ಟರೆ ಬೆಂಕಿಯಷ್ಟೇ ಕೆಟ್ಟದ್ದು. ಊರಲ್ಲಿ ಡಬ್ಬಿ ಡಬ್ಬಿ ಬಳಸ್ತಿದ್ದ, ಮೂಗು ಸುಡುವ ಡೈಕ್ಲೋರೋಮೀಥೇನ್ ರಿಮೂವರ್ ಇಲ್ಲಿನ ಅಂಗಡಿಯಲ್ಲಿ ಸಿಗೋದೂ ಇಲ್ಲ. ಜನ ಉಸಿರುಕಟ್ಟಿ ಸತ್ತಿದ್ದಾರೆ ಅಂತ ಐರೋಪ್ಯ ಒಕ್ಕೂಟವೇ ಸಾಮಾನ್ಯ ಬಳಕೆಗೆ ನಿಲ್ಲಿಸಿದೆ. ರಜೆಗೆ ಹೋದಾಗ ಬ್ಯಾಗಲ್ಲಿ ಹಾಕಿಕೊಂಡು ಬರುವ ಸಾಹಸ ಮಾಡಬೇಡಿ.

ಮುಂದಿನ ಎರಡು ವಾರ ಫ್ರಿತೀಡ್ಸ್‌ಬ್ಯಾಂಕೆನ್ ಕಾಪಾಡಿತು. ಹೊಸಬರಿಗೆ ಹೇಳ್ತೇನೆ, ಇದು ಆಟದ ಸಾಮಾನಿನ ಲೈಬ್ರರಿ. 2013ರಲ್ಲಿ ವೆರ್ಮ್‌ಲಾಂಡಿನ ದೇಯೆ ಅನ್ನುವ ಊರಲ್ಲಿ ಶುರುವಾಗಿದ್ದು, ಈಗ ದೇಶದ ತುಂಬ ಇದೆ. ಸ್ಕೇಟು, ಹೆಲ್ಮೆಟ್ಟು, ಸ್ಟಿಕ್ಕು ಎಲ್ಲಾ 14 ದಿನಕ್ಕೆ ಪುಕ್ಕಟೆ. ಸಂಬಳ ಎಷ್ಟು, ಯಾವ ದೇಶ ಅಂತ ಕೇಳೋದಿಲ್ಲ. ಆ ಸ್ಟಿಕ್ಕಿಗೆ ಮಾತ್ರ ನಾನು ಕೈ ಹಚ್ಚಲಿಲ್ಲ.

ಎರಡನೇ ಸ್ಟಿಕ್ಕು ಸಿಕ್ಕಾಗ ಅದರ ಮೇಲೂ ಇನ್ನೊಬ್ಬನ ಹೆಸರು. ಈ ಸಲ ನಿಧಾನ ಮಾಡಿದೆ. ಮೊದಲು ಫೋಟೋ ತೆಗೆದೆ. ಯಾಕೆಂದರೆ ನೀವು ಅಳಿಸಲು ಹೊರಟ ಚಿತ್ರದ ನಡುವೆಯೇ ಫ್ಲೆಕ್ಸ್ ನಂಬರು, ಬ್ಲೇಡಿನ ಬಾಗು, ಎಡಗೈಯೋ ಬಲಗೈಯೋ ಎಲ್ಲಾ ಬರೆದಿರುತ್ತೆ. ಒಂಬತ್ತು ವರ್ಷದವನಿಗೆ ಫ್ಲೆಕ್ಸ್ 30 ಸರಿ. ದೊಡ್ಡವರ 85 ಕೊಟ್ಟರೆ ಸ್ಟಿಕ್ಕು ಬಾಗೋದಿಲ್ಲ, ಭುಜ ನೋಯುತ್ತೆ. ಮುಂದೆ ಮಾರುವಾಗಲೂ ಆ ನಂಬರು ಬೇಕು.

ಮಾರ್ಕರ್ ಪೆನ್ನಲ್ಲಿ ಬರೆದದ್ದು, ಸ್ಟಿಕ್ಕರಿನ ಅಂಟು ಇವಕ್ಕೆ ಟಿ-ರೋಡ್ ಸ್ಪಿರಿಟ್ಟು ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಸ್ಟಿಕ್ಕರ್ ಏಳದಿದ್ದರೆ ತಲೆಕೂದಲು ಒಣಗಿಸುವ ಡ್ರೈಯರ್, ಅದೂ ದೂರದಿಂದ. ಕೈ ಇಟ್ಟರೆ ತಡೆಯುವಷ್ಟು ಬಿಸಿ, ಅದಕ್ಕಿಂತ ಹೆಚ್ಚಿಲ್ಲ.

ಕ್ಲಿಯರ್ ಕೋಟಿನ ಕೆಳಗಿನದಕ್ಕೆ ಮರಳುಕಾಗದವೇ ಗತಿ. ನೀರುಕಾಗದ, 400 ನಂಬರು, ಬಕೆಟ್ ನೀರಿಗೆ ಒಂದು ಹನಿ ಸೋಪು. ಕಾಗದವನ್ನು ಕಾರ್ಕ್ ತುಂಡಿಗೆ ಸುತ್ತಿ, ಕಾಂಡದ ಉದ್ದಕ್ಕೇ ಹಗುರವಾಗಿ. ಮೆಷಿನ್ನು ಬೇಡ. ನಾಲ್ಕು ಮೂಲೆಗಳನ್ನು ಮುಟ್ಟಲೇಬೇಡಿ. ಅಲ್ಲಿ ಬಣ್ಣ ತೆಳು, ಎರಡು ಉಜ್ಜಿಗೆ ನಾರು ಕೈಗೆ ಸಿಗುತ್ತೆ. ಬ್ಲೇಡಿಗೆ ಹೇಗೂ ಟೇಪು ಸುತ್ತುತ್ತೀರಿ, ಅದಕ್ಕೂ ಕೈ ಹಾಕಬೇಡಿ.

ನೀರು ಯಾಕೆ ಅಂದರೆ ಧೂಳಿಗೆ. ಒಣದಾಗಿ ಉಜ್ಜಿದರೆ ಏಳುವ ಧೂಳು ಗಂಟಲಿಗೆ, ಕಣ್ಣಿಗೆ, ಚರ್ಮಕ್ಕೆ ಎಲ್ಲಕ್ಕೂ ಕೆಟ್ಟದ್ದು. ಒದ್ದೆ ಉಜ್ಜಿದರೂ ಮಾಸ್ಕ್, ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಇದರ ಜೊತೆ ನಮ್ಮ ವೃತ್ತಿಯವರು ಮರೆಯಬಾರದ ಇನ್ನೊಂದು ವಿಷಯ ಇದೆ. ಕಾರ್ಬನ್ ಕರೆಂಟು ಹರಿಸುತ್ತೆ. ಮೋಟಾರಿನ ಬ್ರಷ್ಷು ಯಾವುದರದ್ದು ನೆನಪು ಮಾಡಿಕೊಳ್ಳಿ. ಆ ಬ್ರಷ್ ಸವೆದ ಪುಡಿ ಕೂತು ಇನ್ಸುಲೇಷನ್ ಕೆಟ್ಟ ಮೋಟಾರುಗಳನ್ನು ನಾನು ಬಿಚ್ಚಿದ್ದೇನೆ. ಸ್ಟಿಕ್ಕಿನ ಧೂಳೂ ಅದೇ ಜಾತಿ. ಲ್ಯಾಪ್‌ಟಾಪ್ ಚಾರ್ಜರ್ ಪಕ್ಕ, ಫ್ಯೂಸ್ ಬೋರ್ಡಿನ ಕೆಳಗೆ ಈ ಕೆಲಸ ಬೇಡ. ಮಕ್ಕಳಿಗೂ ಹೇಳಿ, ರೈಲು ನಿಲ್ದಾಣದಲ್ಲಿ ಸ್ಟಿಕ್ಕು ಎತ್ತಿ ಆಡಿಸಬಾರದು. ಮೇಲಿನ ತಂತಿಯಲ್ಲಿ 15,000 ವೋಲ್ಟ್ ಇದೆ, ಮುಟ್ಟಬೇಕೆಂದೇ ಇಲ್ಲ, ಹತ್ತಿರ ಹೋದರೂ ಹಾರುತ್ತೆ.

ಹಾಗಂತ ತ್ವೆಟ್‌ಸ್ತೂಗದಲ್ಲಿ, ಅದೇ ಎಲ್ಲರ ಬಟ್ಟೆ ಒಗೆಯೋ ಕೋಣೆಯಲ್ಲಿ, ಬಕೆಟ್ ಇಟ್ಟು ಕೂರಬೇಡಿ. ನಾನು ಕೂತೆ. ಮಾರನೇ ದಿನ ಬಾಗಿಲ ಮೇಲೆ ಚೀಟಿ. ಹೆಸರು ಬರೆದಿರಲಿಲ್ಲ, ಆದರೆ ಕಪ್ಪು ನೀರಿನ ಬಗ್ಗೆ ಇಡೀ ಕಟ್ಟಡದಲ್ಲಿ ಇನ್ನಾರಿಗೆ ಬರೀತಾರೆ? ಸಿಂಕ್ ಉಜ್ಜಿ ತೊಳೆದು, ಒಂದು ಡಬ್ಬಿ ಬಾಳೆಹಣ್ಣಿನ ಹಲ್ವ ಇಟ್ಟು ಬಂದೆ. ಡಬ್ಬಿ ಖಾಲಿಯಾಗಿ ವಾಪಸ್ ಬಂತು, ಚೀಟಿ ಮಾತ್ರ ಒಂದು ವಾರ ಹಾಗೇ ಇತ್ತು. ಈಗ ಆ ಕೊಳೆನೀರನ್ನು ಹಳೇ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಟಾಗೆನೆಯ ಮರುಬಳಕೆ ಕೇಂದ್ರಕ್ಕೆ ಒಯ್ಯುತ್ತೇನೆ. ಅರ್ಧ ಉಳಿದ ಸ್ಪ್ರೇ ಡಬ್ಬಿಯೂ ಅಲ್ಲಿಗೇ, ಅಪಾಯಕಾರಿ ಕಸದ ಕಡೆಗೆ.

ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕಷ್ಟ. ಕಪ್ಪು ಬಣ್ಣದ ಕೆಳಗೆ ಕಪ್ಪು ನಾರು, ಕಣ್ಣಿಗೆ ಗೊತ್ತಾಗೋದಿಲ್ಲ. ಅದಕ್ಕೆ ನಾನು ಮಲ್ಟಿಮೀಟರ್ ಇಟ್ಟುಕೊಂಡೆ. ಪ್ರತಿ ಹತ್ತಿಪ್ಪತ್ತು ಉಜ್ಜಿಗೆ ಒಮ್ಮೆ ಒರೆಸಿ, ಪೂರ್ತಿ ಒಣಗಿಸಿ, ಎರಡು ಪ್ರೋಬನ್ನು ಒಂದಿಂಚು ದೂರದಲ್ಲಿ ಇಟ್ಟು ಓಮ್ಸ್ ನೋಡೋದು. ಬಣ್ಣ, ರಾಳ ಇರುವವರೆಗೂ ಮೀಟರ್ ಸುಮ್ಮನಿರುತ್ತೆ. ಮುಳ್ಳು ಅಲ್ಲಾಡಿತೋ, ನಾರು ತೆರೆದುಕೊಂಡಿದೆ, ಆ ಜಾಗ ಬಿಡಿ. ಒದ್ದೆ ಇದ್ದರೆ ನೀರೇ ಸುಳ್ಳು ಹೇಳುತ್ತೆ. ಮಕ್ಕಳ ಅಗ್ಗದ ಸ್ಟಿಕ್ಕಲ್ಲಿ ಮೇಲಿನ ಪದರ ಗ್ಲಾಸ್ ಫೈಬರ್ ಇದ್ದರೆ ಈ ಉಪಾಯ ನಡೆಯೋದಿಲ್ಲ, ಗಾಜು ಕರೆಂಟು ಹರಿಸೋದಿಲ್ಲ.

ಪೂರ್ತಿ ತೆಗೆಯುವ ಹಟವೂ ಬೇಡ. ಹೆಸರಿನ ನೆರಳು ಮಾಸಲಾಗಿ ಉಳಿದಿದ್ದಾಗಲೇ ನಿಲ್ಲಿಸಿದೆ. 600 ಕಾಗದದಲ್ಲಿ ನುಣುಪು ಮಾಡಿ, ಸ್ಪಿರಿಟ್ಟಲ್ಲಿ ಒರೆಸಿ, ಮ್ಯಾಟ್ ಕಪ್ಪು ಸ್ಪ್ರೇ ತೆಳುವಾಗಿ ಎರಡು ಸಲ ಹೊಡೆದೆ. ನಿಜ ಹೇಳಬೇಕೆಂದರೆ ಹೊಳಪು ಮುರಿಯುವಷ್ಟು ಉಜ್ಜಿ ಮೇಲೆ ಬಣ್ಣ ಹೊಡೆದಿದ್ದರೂ ಸಾಕಿತ್ತು. ಬಣ್ಣ ತೆಗೆದರೆ ಸ್ಟಿಕ್ಕು ಹಗುರಾಗುತ್ತೆ ಅಂತ ಹೇಳೋರಿದ್ದಾರೆ. ಕೆಲವೇ ಗ್ರಾಂ. ಅದಕ್ಕಾಗಿ ನಾರು ಕಡಿಯುವುದು ಹುಚ್ಚು.

ಊರಿನ ಹಾಕಿ ಆಡುವವರ ಕಾಂಪೊಸಿಟ್ ಸ್ಟಿಕ್ಕಿಗೂ ಇದೇ ಮಾತು. ಅಲ್ಲಿ 737 ಗ್ರಾಂ ಮೀರಬಾರದು, 51 ಮಿಲಿಮೀಟರ್ ಬಳೆಯೊಳಗೆ ತೂರಬೇಕು, ಎಲ್ಲೂ ಒರಟು ಇರಬಾರದು ಅಂತ ನಿಯಮ. ನಾರು ಎದ್ದ ಸ್ಟಿಕ್ಕನ್ನು ಅಂಪೈರ್ ಹೊರಗೆ ಹಾಕುತ್ತಾರೆ, ಸರಿಯೇ.

ಬಣ್ಣ ಒಣಗಿದ ಮೇಲೆ ಮಗನ ಮುಂದೆ ಬೆಳ್ಳಿ ಬಣ್ಣದ ಮಾರ್ಕರ್ ಇಟ್ಟು, ನಿನ್ನ ಹೆಸರು ಬರೀಲಾ ಅಂದೆ. ಸ್ಟಿಕ್ಕನ್ನು ಎದೆಗೆ ಹಚ್ಚಿ ಎತ್ತರ ನೋಡಿಕೊಂಡ. ‘ಬೇಡ ಅಪ್ಪಾ, ಬರೋ ವರ್ಷ ಗಿಡ್ಡ ಆಗುತ್ತೆ. ಆಮೇಲೆ ಇನ್ನೊಬ್ಬರು ಅಳಿಸಬೇಕಾಗುತ್ತೆ’ ಅಂದ.

ಆ ಸ್ಟಿಕ್ಕು ಇವತ್ತು ತಂದಿದ್ದೇನೆ, ಮುರಿದ ಮೊದಲನೆಯದೂ ಚೀಲದಲ್ಲಿದೆ. ಊಟದ ನಂತರ ಪ್ರೋಬ್ ಇಟ್ಟು ತೋರಿಸ್ತೇನೆ. ಮುರಿದದ್ದನ್ನು ನೋಡೋರು ಗ್ಲೌಸ್ ಹಾಕಿಕೊಂಡೇ ಮುಟ್ಟಿ.